ಹೇಳುವವರೊಬ್ಬರು, ಸ್ವಿಚ್ ಎತ್ತುವವರೊಬ್ಬರು

ಬೈಕುಲ್ಲಾದ ಗೋದಾಮಿನಲ್ಲಿ ನಮ್ಮ ಹಳೆಯ ಪಿಡಿಪಿ ಕಂಪ್ಯೂಟರ್ ಇನ್ನೂ ಇದೆ ಎಂಬ ಸುದ್ದಿ ಬಂದಾಗ ನಾನು ಮಲಾಡ್ ಮಾರ್ಕೆಟ್ಟಿನಲ್ಲಿ ತೊಂಡೆಕಾಯಿ ಆರಿಸುತ್ತಿದ್ದೆ. ಫೋನ್ ಮಾಡಿದವರು ಅಂಧೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್, ಮರಾಠಿ ಹೆಂಗಸು. "ಮೇಡಂ, ಆಪ್ ಉಸ್ ಮಶೀನ್ ಪೇ ಕಾಮ್ ಕರ್ತೀ ಥೀ ನಾ?" ಎಂದು, ಆ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವಳು ನಾನೇ ತಾನೇ ಎಂದು ಕೇಳಿದರು. ಹೌದು ಎಂದು ನಾನು ಕೂಗಿದ ರಭಸಕ್ಕೆ ತರಕಾರಿಯವಳು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದಳು.

ವಿಷಯ ಇಷ್ಟು. ನಾನು ಹರೆಯದಲ್ಲಿ ಕೆಲಸ ಮಾಡಿದ ನೂಲು ಪರೀಕ್ಷೆಯ ಲ್ಯಾಬ್ ಮುಚ್ಚಿ ಬಹಳ ಕಾಲವಾಗಿತ್ತು. ಅಲ್ಲಿನ ಯಂತ್ರಗಳನ್ನು ಕೊಂಡ ವ್ಯಾಪಾರಿ ಕಂಪ್ಯೂಟರನ್ನು ಮಾತ್ರ ಯಾರಿಗೂ ಮಾರಲಾಗದೆ ಗೋದಾಮಿನ ಮೂಲೆಗೆ ತಳ್ಳಿದ್ದ. ಈಗ ಗೋದಾಮು ಖಾಲಿಯಾಗಬೇಕು. ಕಾಲೇಜಿನವರು ತೆಗೆದುಕೊಂಡು ಪ್ರದರ್ಶನಕ್ಕೆ ಇಡಬಹುದು, ಆದರೆ ಓಡುವುದಾದರೆ ಮಾತ್ರ; ಸತ್ತ ಯಂತ್ರಕ್ಕೆ ಜಾಗ ಕೊಡಲು ಅವರ ಪ್ರಿನ್ಸಿಪಾಲರು ತಯಾರಿಲ್ಲ. ಓಡದಿದ್ದರೆ ಗುಜರಿಯ ಭಂಗಾರ್‌ವಾಲಾ ಬಂದು ಒಡೆದು, ತಾಮ್ರ ಬೇರೆ ಕಬ್ಬಿಣ ಬೇರೆ ಮಾಡಿ ಒಯ್ಯುತ್ತಾನೆ. ಪ್ರೊಫೆಸರ್ ಮತ್ತು ಅವರ ಸಹೋದ್ಯೋಗಿಗಳು ಆಗಲೇ ಧೂಳು ತೆಗೆದು, ಪವರ್ ಸಪ್ಲೈ ರಿಪೇರಿ ಮಾಡಿ, ಸ್ವಲ್ಪ ಸ್ವಲ್ಪವೇ ಕರೆಂಟ್ ಕೊಟ್ಟು ನೋಡಿದ್ದರು. ದೀಪಗಳು ಹತ್ತುತ್ತಿದ್ದವು. ಕೈಪಿಡಿಯೂ ಸಿಕ್ಕಿತ್ತು. "ಆದರೂ ಅದರ ಜೊತೆ ಬಾಳಿದವರು ಎದುರಿಗಿದ್ದರೆ ಧೈರ್ಯ," ಎಂದರು ಆ ಹೆಂಗಸು. ಅಷ್ಟು ಬುದ್ಧಿ ಇರುವವರು ಕಡಿಮೆ.

ಪಿಡಿಪಿ ಎಂದರೆ ಏನೆಂದು ಈಗಿನವರಿಗೆ ಹೇಳಲು ಹೊರಟರೆ ನನಗೆ ಸಿಟ್ಟೇ ಬರುತ್ತದೆ. ಮುಖ ತೋರಿಸಿದರೆ ತೆರೆದುಕೊಳ್ಳುವ ಫೋನ್ ಕೈಯಲ್ಲಿಟ್ಟುಕೊಂಡು, "ಅದರಲ್ಲಿ ಎಷ್ಟು ಜಿಬಿ ಇತ್ತು ಆಂಟಿ?" ಎನ್ನುತ್ತಾರೆ. ಜಿಬಿ ಅಂತೆ! ಪಿಡಿಪಿ ಬರುವ ಮುಂಚೆ ನಾವು ಕಂಪ್ಯೂಟರಿನ ಮುಖವನ್ನೇ ಕಂಡವರಲ್ಲ. ನಮ್ಮ ಲೆಕ್ಕಗಳನ್ನು ಕಾರ್ಡುಗಳಲ್ಲಿ ರಂಧ್ರ ಹೊಡೆಸಿ, ರಬ್ಬರ್ ಬ್ಯಾಂಡ್ ಹಾಕಿ, ಊರಿನ ಇನ್ನೊಂದು ತುದಿಯ ದೊಡ್ಡ ಸಂಸ್ಥೆಗೆ ಕಳಿಸುತ್ತಿದ್ದೆವು. ಅಲ್ಲಿ ಗಾಜಿನ ಗೋಡೆಯ ಹಿಂದೆ, ಎಸಿಯಲ್ಲಿ, ದೊಡ್ಡ ಯಂತ್ರ. ಗಾಜಿನ ಆಚೆ ಹೋಗಲು ನಮಗೆ ಅಪ್ಪಣೆ ಇಲ್ಲ. ಉತ್ತರ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಆ ಉತ್ತರವೂ ಇಲ್ಲ, ಕಾರ್ಡುಗಳ ಕಟ್ಟು ಮಾತ್ರ ವಾಪಸ್.

ಆಮೇಲೆ ನಮ್ಮ ಲ್ಯಾಬಿಗೆ ಪಿಡಿಪಿ ಇಲೆವನ್ ಬಂತು. ಉಕ್ಕಿನ ಕಪಾಟಿನಷ್ಟು ದೊಡ್ಡದು, ಅಷ್ಟೇ. ಮುಂದೆ ದೀಪಗಳ ಸಾಲು, ಅದರ ಕೆಳಗೆ ಗುಲಾಬಿ ಮತ್ತು ನೇರಳೆ ಬಣ್ಣದ ಸ್ವಿಚ್ಚುಗಳು, ಮೂರು ಮೂರರ ಗುಂಪು. ಇಷ್ಟು ಚೆಂದದ ಯಂತ್ರವನ್ನು ಯಾವ ಗಂಡಸು ಬಣ್ಣ ಹಚ್ಚಿ ಕಳಿಸಿದನೋ ಎಂದು ನಮಗೆ ಆಶ್ಚರ್ಯ. ಪಕ್ಕದಲ್ಲಿ ಟೆಲಿಟೈಪ್: ಕೀಲಿ ಒತ್ತಿದರೆ ಕಾಗದದ ಮೇಲೆ ಬಡಿದು ಬರೆಯುವ, ಟೇಪ್ ಎಂಬ ರಂಧ್ರದ ಕಾಗದದ ಪಟ್ಟಿ ಓದುವ, ಕಿವಿ ಕಿತ್ತುಹೋಗುವಷ್ಟು ಗಲಾಟೆಯ ಯಂತ್ರ. ನಾವೇ ಕುರ್ಚಿ ಎಳೆದು ಎದುರು ಕೂತು ಕೇಳಬಹುದಿತ್ತು, ಅದು ಅಲ್ಲೇ ಉತ್ತರ ಕೊಡುತ್ತಿತ್ತು. ಕೇಳಿದವರಿಗೆ ಕೂಡಲೇ ಉತ್ತರ ಕೊಡುವ ಕಂಪ್ಯೂಟರು ಸಾಮಾನ್ಯ ಲ್ಯಾಬುಗಳಿಗೂ ಕಾರ್ಖಾನೆಗಳಿಗೂ ಸಿಕ್ಕಿದ್ದು ಈ ಸರಣಿಯಿಂದ. ಅದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅದರ ಕಥೆಯನ್ನು ನಮಗೆ ಹೇಳಿದವರು ನಮ್ಮ ಸರ್. ಧಾರವಾಡದ ಕಡೆಯವರು, ಲ್ಯಾಬಿನ ಎಂಜಿನಿಯರ್. ಊಟದ ಡಬ್ಬಿ ಬಿಚ್ಚುವಾಗ ಕಥೆ ಶುರು. ಆ ಯಂತ್ರ ಹುಟ್ಟಿದ ಕಾಲದಲ್ಲಿ ಕಂಪ್ಯೂಟರ್ ಎಂಬ ಶಬ್ದ ಕೇಳಿದರೇ ಬಂಡವಾಳ ಹಾಕುವವರು ಓಡಿಹೋಗುತ್ತಿದ್ದರಂತೆ. ಅದಕ್ಕೇ ಮಾಡಿದವರು ಆ ಶಬ್ದವನ್ನೇ ಬಿಟ್ಟು, 'ಹೇಳಿದಂತೆ ಲೆಕ್ಕ ಸಂಸ್ಕರಿಸುವ ಯಂತ್ರ' ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟರು. ಅದರ ಮೊದಲಕ್ಷರಗಳೇ ಪಿಡಿಪಿ. "ಹೆಸರು ಸಣ್ಣದು ಇಟ್ಟು ದೊಡ್ಡ ಕೆಲಸ ಮಾಡೋದು ಅಂದ್ರ ಇದು ನೋಡ್ರಿ," ಎನ್ನುತ್ತಿದ್ದರು ಸರ್, ಜೋಳದ ರೊಟ್ಟಿ ಮುರಿಯುತ್ತಾ. ಮೊದಲನೆಯ ಮಾದರಿಯ ಮೇಲೆ ಕಾಲೇಜು ಹುಡುಗರು ಪರದೆಯಲ್ಲಿ ಆಡುವ ಆಟ ಮಾಡಿದರು. ಎಂಟನೆಯದು ಎಷ್ಟು ಅಗ್ಗವಾಯಿತೆಂದರೆ ಜನ ಅದನ್ನು ಪ್ರಯೋಗಶಾಲೆಗೆ, ಫ್ಯಾಕ್ಟರಿಗೆ, ಎಲ್ಲೆಂದರಲ್ಲಿ ಹೊತ್ತೊಯ್ದರು. ನಮ್ಮ ಹನ್ನೊಂದನೆಯದರ ಸೊಬಗು ಬೇರೆ. ಬಾಡಿಗೆಯ ಚಾಳಿನಲ್ಲಿ ಎಲ್ಲ ಖೋಲಿಗಳ ಬಾಗಿಲೂ ಒಂದೇ ಉದ್ದದ ಗ್ಯಾಲರಿಗೆ ತೆರೆಯುವುದಿಲ್ಲವೇ, ಹಾಗೆ ಅದರಲ್ಲಿ ಮೆಮೊರಿ, ಟೆಲಿಟೈಪ್, ಟೇಪ್ ಎಲ್ಲವೂ ಒಂದೇ ದಾರಿಗೆ ಬಾಗಿಲಿಟ್ಟುಕೊಂಡಿದ್ದವು. ಹೊಸ ಬಾಡಿಗೆದಾರ ಬಂದರೆ ಗೋಡೆ ಒಡೆಯಬೇಕಾಗಿರಲಿಲ್ಲ. ಈಗ ಫೋನುಗಳ ಹೊಟ್ಟೆಯೊಳಗೆ ಓಡುವ ಎಷ್ಟೋ ವ್ಯವಸ್ಥೆಗಳ ಮೂಲವಾದ ಯೂನಿಕ್ಸ್ ಈ ಸರಣಿಯಲ್ಲೇ ಹುಟ್ಟಿತು, ನಮ್ಮ ಹನ್ನೊಂದರ ಮೇಲೇ ಬೆಳೆಯಿತು. ಸಿ ಭಾಷೆಯ ತೊಟ್ಟಿಲೂ ಅದೇ. ಇಷ್ಟೆಲ್ಲ ಮಾಡಿದ ಕಂಪನಿ ಈಗ ಇಲ್ಲ. ದೊಡ್ಡ ಯಂತ್ರಗಳಿಗೆ ಅದು ಏನು ಮಾಡಿತ್ತೋ, ಮೇಜಿನ ಮೇಲಿನ ಸಣ್ಣ ಕಂಪ್ಯೂಟರುಗಳು ಅದಕ್ಕೂ ಅದನ್ನೇ ಮಾಡಿದವು.

ಅದನ್ನು ಬೆಳಿಗ್ಗೆ ಎಬ್ಬಿಸುವ ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕರೆಂಟ್ ಕೊಟ್ಟ ಮಾತ್ರಕ್ಕೆ ಅದಕ್ಕೆ ಟೇಪ್ ಓದಲೂ ಬರುತ್ತಿರಲಿಲ್ಲ. ಓದುವುದು ಹೇಗೆಂದು ನಾವು ಕೈಯಾರೆ ಕಲಿಸಬೇಕು: ಪ್ರತಿ ಅಂಕಿಗೂ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಒಂದೊಂದೇ ಸಾಲನ್ನು ಮೆಮೊರಿಯೊಳಗೆ ಇಳಿಸಬೇಕು. ಸಾಲು ಎಂದರೆ ಆರಂಕಿಯ ಸಂಖ್ಯೆ. ಸೊನ್ನೆಯಿಂದ ಏಳರವರೆಗಿನ ಅಂಕಿ ಮಾತ್ರ. ಎಂಟು ಒಂಬತ್ತು ಆ ಸ್ವಿಚ್ಚುಗಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಿನ್ನೆ ಕಲಿಸಿದ್ದು ಉಳಿದಿರಲೂಬಹುದು, ಆದರೆ ಸರ್ ಅದನ್ನು ನಂಬುತ್ತಿರಲಿಲ್ಲ, ದಿನಾ ಹೊಸದಾಗಿ. ಈ ಕೆಲಸ ಒಬ್ಬರೇ ಮಾಡುವಂತಿಲ್ಲ ಎಂಬುದು ಅವರ ಕಟ್ಟಪ್ಪಣೆ. ಅವರು ಬಾಯಿಪಾಠದಿಂದ ಹೇಳಬೇಕು, ನಾನು ಕೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಾ ಸ್ವಿಚ್ ಎತ್ತಬೇಕು. ಬಾಯಿ ಒಂದು ಹೇಳಿ ಕೈ ಇನ್ನೊಂದು ಮಾಡಿದರೆ ಆ ದಿನವೆಲ್ಲ ಬೈಗುಳ. "ಸೊನ್ನೆ ಒಂದು ಆರು ಏಳು ಸೊನ್ನೆ ಒಂದು," ಎಂದು ಅವರು. "ಸೊನ್ನೆ ಒಂದು ಆರು ಏಳು ಸೊನ್ನೆ ಒಂದು," ಎಂದು ನಾನು. ಹೊರಗಿನವರಿಗೆ ಲ್ಯಾಬಿನಲ್ಲಿ ಮಗ್ಗಿ ಹೇಳಿಸುತ್ತಿದ್ದಾರೆ ಎಂದು ಅನಿಸುತ್ತಿತ್ತು.

ಪ್ರೊಫೆಸರರ ಫೋನ್ ಬಂದ ಸಂಜೆಯೇ ನಾನು ದಾದರಿಗೆ ಸರ್ ಮನೆಗೆ ಹೋದೆ. ಬಾಗಿಲು ತೆರೆದ ಸೊಸೆ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ಆಂಟಿ, ಮಾವನವರಿಗೆ ಮರೆವು ಶುರುವಾಗಿದೆ. ಡಾಕ್ಟರೇ ಹೇಳಿದ್ದಾರೆ. ಪರ್‌ಸೋ ದಿನ ದಾದರ್ ಬ್ರಿಜ್ ಮೇಲೆ ನಿಂತುಬಿಟ್ಟಿದ್ದರು, ಈಸ್ಟ್ ಯಾವುದು ವೆಸ್ಟ್ ಯಾವುದು ಗೊತ್ತಾಗದೆ. ಈಗ ಒಬ್ಬರನ್ನೇ ಹೊರಗೆ ಬಿಡೋದಿಲ್ಲ." ಅವಳ ಕಣ್ಣು ತುಂಬಿತ್ತು. ದುಡಿದು ದಣಿದ ಹುಡುಗಿ, ಮಾವನ ಮೇಲೆ ಪ್ರೀತಿ ಇರುವವಳು. ಅವಳನ್ನು ಹೇಗೆ ದೂರಲಿ?

ಸರ್ ಹೊರಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಿವಿ ಇನ್ನೂ ಚುರುಕು. ಯಂತ್ರದ ಸುದ್ದಿ ಹೇಳಿದೆ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ತಂಗಿ, ನಿನ್ನೆ ಏನು ಉಂಡೆ ಅಂತ ಕೇಳಿದ್ರ ನನಗ ಹೇಳ್ಲಿಕ್ಕೆ ಬರೂದಿಲ್ಲ. ಖರೇ ಅದ. ಆದ್ರ ಆ ಸಾಲುಗಳು ಅದಾವಲ್ಲ, ಅವು ನೆನಪದಾವ ಅಂದ್ರ ನಾ ಇನ್ನೂ ನಾನೇ ಇದ್ದೇನಿ. ಅವೂ ಹೋಗ್ಯಾವ ಅಂದ್ರ ಇವ್ರು ಹೇಳಿದ್ದು ಖರೇ. ಆಮ್ಯಾಲೆ ನಾ ವಾದ ಮಾಡೂದಿಲ್ಲ. ಕರಕೊಂಡು ಹೋಗು," ಎಂದರು.

ನಾನು ಇದನ್ನು ಯಂತ್ರದ ಪರೀಕ್ಷೆ ಎಂದುಕೊಂಡಿದ್ದೆ. ಇವರು ಅದನ್ನು ತಮ್ಮದೇ ಪರೀಕ್ಷೆ ಮಾಡಿಕೊಂಡುಬಿಟ್ಟರು.

ಭಾನುವಾರ ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬೈಕುಲ್ಲಾಕ್ಕೆ ಹೋದೆವು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೇಬಿನಲ್ಲಿ ಪೆನ್ನು. ನಾನು ಮನೆಯಲ್ಲಿ ಇಷ್ಟು ವರ್ಷ ಹಪ್ಪಳದ ಡಬ್ಬಿಯಲ್ಲಿ ಜೋಪಾನ ಮಾಡಿದ್ದ ಟೇಪುಗಳನ್ನು ತಂದಿದ್ದೆ. ಗೋದಾಮಿನ ಒಳಗೆ ಹಳೆಯ ತಕ್ಕಡಿಗಳು, ಮೋಟಾರುಗಳು, ನೂಲಿನ ರಾಟೆಗಳು. ಅವುಗಳ ಮಧ್ಯೆ, ಧೂಳು ಒರೆಸಿ ಅಲಂಕರಿಸಿದ ಮದುಮಗಳಂತೆ, ಅದು. ಗುಲಾಬಿ, ನೇರಳೆ. ನನಗೆ ಅಳು ಬಂತು. ಸರ್ ಮಾತ್ರ ಹತ್ತಿರ ಹೋಗಿ ಮೊದಲು ಫ್ಯಾನಿನ ಜಾಲರಿಗೆ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ನೋಡಿದರು. ಆಗೆಲ್ಲ ಬೆಳಿಗ್ಗೆ ಬಂದ ಕೂಡಲೇ ಹಾಗೇ ಮಾಡುತ್ತಿದ್ದರು.

"ತಯಾರೇನು?" ಎಂದರು.

"ತಯಾರು ಸರ್."

ಮೊದಲ ಸಾಲು ಎಲ್ಲಿ ಇಡಬೇಕೆಂಬ ವಿಳಾಸ ಹೇಳಿದರು. ಇಟ್ಟೆ. ಆಮೇಲೆ ಸಾಲುಗಳು. ಒಂದೊಂದನ್ನೂ ಅವರು ಕಣ್ಣು ಮುಚ್ಚಿ ಹೇಳಿದರು, ನಾನು ತಿರುಗಿ ಹೇಳಿ ಎತ್ತಿದೆ. ಒಂದು ಅಂಕಿ ಹೆಚ್ಚುಕಡಿಮೆ ಇಲ್ಲ. ಪ್ರೊಫೆಸರ್ ಕೈಪಿಡಿಯ ಪುಟ ತೆರೆದು ಬೆರಳಿಟ್ಟು, ನಾನು ಎತ್ತಿದ ಸ್ವಿಚ್ಚುಗಳನ್ನು ಸರಿನೋಡುತ್ತಾ, ಒಂದೊಂದು ಸಾಲಿಗೂ ತಲೆಯಾಡಿಸುತ್ತಾ, ಕೊನೆಗೆ ಬೆರಗಿನಿಂದ ಪುಸ್ತಕವನ್ನೇ ಮುಚ್ಚಿದರು. ಟೇಪನ್ನು ಟೆಲಿಟೈಪಿಗೆ ಸಿಕ್ಕಿಸಿ ಸ್ಟಾರ್ಟ್ ಒತ್ತಿದೆ.

ಏನೂ ಆಗಲಿಲ್ಲ. ಟೇಪ್ ಕದಲಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ.

ಸರ್ ಕುರ್ಚಿಯ ಮೇಲೆ ಕೂತುಬಿಟ್ಟರು. ಆ ಮುಖ ನೋಡಲಾಗಲಿಲ್ಲ. "ಮರ್ತೇನಿ," ಎಂದರು ಮೆಲ್ಲಗೆ. "ಎಲ್ಲೋ ಒಂದು ತಪ್ಪಿ ಹೇಳೇನಿ. ನಡಿ ತಂಗಿ, ಮನೀಗೆ ಹೋಗೂಣು."

"ಎಂತ ಮನೆಗೆ? ಸುಮ್ಮನೆ ಕೂತ್ಕೊಳ್ಳಿ ಸರ್," ಎಂದೆ. ನನ್ನ ಜನ್ಮದಲ್ಲಿ ಅವರ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅವರು ಒಂದೂ ತಪ್ಪಿರಲಿಲ್ಲ, ನನಗೆ ಗೊತ್ತು, ಪುಸ್ತಕವೂ ಸಾಕ್ಷಿ. ಪುಸ್ತಕದ ಮಾತು ಪ್ರೊಫೆಸರ್ ಹೇಳಿದರೂ ಸರ್ ಕಿವಿಗೆ ಬೀಳಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಇಟ್ಟ ಮೊದಲ ಸಾಲನ್ನು ತೆರೆದು ನೋಡುವ ಸ್ವಿಚ್ ಒತ್ತಿದೆ. ಎಲ್ಲ ದೀಪಗಳೂ ಕತ್ತಲು. ನಾನು ಇಟ್ಟದ್ದು ಅಲ್ಲಿರಲೇ ಇಲ್ಲ. ಮತ್ತೆ ಇಟ್ಟೆ, ಮತ್ತೆ ನೋಡಿದೆ. ಕತ್ತಲು.

ಆಗ ಹೊಳೆಯಿತು. ನಮ್ಮ ಈ ಸಾಲುಗಳು ಯಾವಾಗಲೂ ಮೆಮೊರಿಯ ತುತ್ತತುದಿಯಲ್ಲಿ ಇರಬೇಕು, ಕಟ್ಟಡದ ಕೊನೆಯ ಮಾಳಿಗೆಯಲ್ಲಿ ನೀರಿನ ಟಾಕಿ ಇದ್ದ ಹಾಗೆ. ಯಂತ್ರ ಬಂದ ಹೊಸದರಲ್ಲಿ ಅದಕ್ಕೆ ಕಡಿಮೆ ಮಾಳಿಗೆ. ಆಮೇಲೆ ಹೆಚ್ಚಿನ ಮೆಮೊರಿ ತಂದು ಸೇರಿಸಿದರು, ವಿಳಾಸವೂ ಮೇಲಕ್ಕೆ ಹೋಯಿತು. ನನ್ನ ಕೈ ಮಾತ್ರ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಅದಕ್ಕಾಗಿ ಸರ್‌ರಿಂದ ತಿಂದ ಬೈಗುಳ ಅಷ್ಟಿಷ್ಟಲ್ಲ, "ಹೊಸಾ ಮನೀಗೆ ಬಂದ ಮ್ಯಾಲೂ ಹಳೇ ಮನೀ ಕದಾ ಬಡೀತಿ ನೀ!" ಎನ್ನುತ್ತಿದ್ದರು. ಈಗ ಗೋದಾಮಿನ ತೇವಕ್ಕೋ ಇಲಿಗಳಿಗೋ, ಆಮೇಲೆ ಕಟ್ಟಿದ ಮಾಳಿಗೆಗಳು ಸತ್ತಿವೆ. ಹಳೆಯವು?

ಹಳೆಯ ವಿಳಾಸಕ್ಕೆ ಹೋಗಿ ಒಂದು ಸಂಖ್ಯೆ ಇಟ್ಟು, ತೆರೆದು ನೋಡಿದೆ. ದೀಪಗಳು ಹತ್ತಿದವು. ಇಟ್ಟದ್ದು ಇಟ್ಟ ಹಾಗೆಯೇ ಇತ್ತು.

"ಸರ್, ತಪ್ಪು ನಿಮ್ಮದಲ್ಲ! ಮೇಲಿನ ಬೋರ್ಡು ಹೋಗಿದೆ. ಹಳೇ ಮನೆ ಸರಿ ಉಂಟು, ಬನ್ನಿ!" ಎಂದು ಕೂಗಿದೆ. ಅವರು ಎದ್ದು ಬಂದು ದೀಪಗಳನ್ನು ನೋಡಿದರು. ಮುಖ ಅರಳಿತು, ಕೂಡಲೇ ಗಂಟೂ ಹಾಕಿಕೊಂಡಿತು. "ಹಳೇ ವಿಳಾಸ ನಿನ್ಗಿನ್ನೂ ನೆನಪದಲ್ಲ! ಎಷ್ಟು ಸಲ ಮರಿ ಅಂತ ಹೇಳಿದ್ನಿ!" ಎಂದು ಅಷ್ಟು ವರ್ಷದ ಮೇಲೆ ಮತ್ತೆ ಬೈದರು. ಆ ಬೈಗುಳ ಕೇಳಿ ಆದ ಸಂತೋಷ ಇಷ್ಟೇ ಎಂದು ಹೇಳಲಾರೆ.

ಮತ್ತೆ ಮೊದಲಿನಿಂದ. ಈ ಹಳೆಯ ವಿಳಾಸಕ್ಕೆ ತಕ್ಕಂತೆ ಬದಲಾಗಬೇಕಾದ ಒಂದು ಸಾಲನ್ನೂ ತಾವೇ ಮೊದಲೇ ಎಚ್ಚರಿಸಿದರು. ನಾಲ್ಕು ಸಾಲು ಆಯಿತು. ಐದನೆಯದು ಮತ್ತು ಆರನೆಯದು ಅಕ್ಕತಂಗಿಯರ ಹಾಗೆ, ನೋಡಲು ಒಂದೇ ತರಹ. ಐದನೆಯದು ಟೆಲಿಟೈಪಿಗೆ 'ಓದು' ಎನ್ನುತ್ತದೆ. ಆರನೆಯದು 'ಅಕ್ಷರ ಬಂತೇ?' ಎಂದು ಕೇಳುತ್ತದೆ. ಐದನೆಯದು ಸರಿಯಾಗಿ ಬಂತು. ಆರನೆಯದಕ್ಕೆ ಸರ್ ಕಣ್ಣು ಮುಚ್ಚಿ, "ಒಂದು ಸೊನ್ನೆ ಐದು ಎರಡು ಒಂದು ಒಂದು," ಎಂದರು.

ಎರಡಲ್ಲ, ಏಳು.

ಮೊದಲ ಸಲ ಸರಿಯಾಗಿ ಹೇಳಿದ್ದರು. ಗಾಬರಿಯಿಂದ ಸುಸ್ತಾಗಿ ತಪ್ಪಿದರೋ, ಡಾಕ್ಟರ್ ಹೇಳಿದ್ದು ಅದೇನೋ, ನನಗೆ ತಿಳಿಯದು. ಪ್ರೊಫೆಸರರ ಪುಸ್ತಕ ಮುಚ್ಚಿತ್ತು. ಗೊತ್ತಿದ್ದವಳು ನಾನೊಬ್ಬಳೇ. "ಸರ್, ಏಳು," ಎಂದರೆ ಮುಗಿಯುತ್ತಿತ್ತು. ಬೇರೆ ಯಾವ ದಿನವಾದರೂ ಹಾಗೇ ಹೇಳುತ್ತಿದ್ದೆ. ಆದರೆ ಸ್ವಲ್ಪ ಮುಂಚೆ ಕುರ್ಚಿಯ ಮೇಲೆ ಕಂಡ ಆ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

"ಒಂದು ಸೊನ್ನೆ ಐದು ಎರಡು ಒಂದು ಒಂದು," ಎಂದು ಗಟ್ಟಿಯಾಗಿ ತಿರುಗಿ ಹೇಳಿದೆ. ಏಳನ್ನು ಎತ್ತಿದೆ.

ಉಳಿದ ಸಾಲುಗಳು ಒಂದೂ ತಪ್ಪದೆ ಬಂದವು. ಸ್ಟಾರ್ಟ್ ಒತ್ತಿದೆ. ಟೇಪ್ ಒಮ್ಮೆ ನಡುಗಿ ಕಟಕಟ ಎಂದು ಓಡತೊಡಗಿತು. ದೀಪಗಳು ಕುಣಿದವು. ಮೊದಲ ಟೇಪ್ ಮುಗಿದು, ಎರಡನೆಯದನ್ನು ಸಿಕ್ಕಿಸಿದೆವು. ಅದು ಅತಿಥಿಗಳು ಬಂದಾಗ ತೋರಿಸಲೆಂದು ಸರ್ ಬರೆದಿದ್ದ ಪುಟ್ಟ ಪ್ರೋಗ್ರಾಂ. ಟೆಲಿಟೈಪ್ ತಲೆ ಬಡಿಯುತ್ತಾ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಒಂದೊಂದಾಗಿ 'ನಮಸ್ಕಾರ' ಎಂದು ಬರೆಯಿತು. ಶಾಯಿ ಮಸುಕು, ಆದರೂ ಓದಬಹುದಿತ್ತು. ಪ್ರೊಫೆಸರ್ ಚಪ್ಪಾಳೆ ತಟ್ಟಿದರು. ಸರ್ ಆ ಕಾಗದ ಹರಿದು, ಮಡಿಸಿ ಜೇಬಿಗೆ ಹಾಕಿ, ನನ್ನ ಕಡೆ ತಿರುಗಿ, "ನೋಡಿದ್ಯಾ? ಒಂದೂ ತಪ್ಪಿಲ್ಲ," ಎಂದರು.

"ಒಂದೂ ಇಲ್ಲ ಸರ್," ಎಂದೆ.

ಮನೆಗೆ ಬಂದ ಮೇಲೆ ಅದರ ಫಲ ಉಣ್ಣಬೇಕಾಯಿತು. ಸರ್ ಸೊಸೆಯ ಮುಂದೆ ನಿಂತು ಘೋಷಿಸಿದರು: ತಲೆ ನೆಟ್ಟಗಿದೆ, ಇವಳೇ ಸಾಕ್ಷಿ, ಇನ್ನು ಮೇಲೆ ತಾವು ಒಬ್ಬರೇ ಲೋಕಲ್ ಹತ್ತುತ್ತಾರೆ, ಯಂತ್ರ ಕಾಲೇಜಿಗೆ ಹೋದ ಮೇಲೆ ವಾರಕ್ಕೊಮ್ಮೆ ಅಂಧೇರಿಗೆ ಹೋಗಿ ಹುಡುಗರಿಗೆ ಅದನ್ನು ಎಬ್ಬಿಸಿ ತೋರಿಸುತ್ತಾರೆ. ಸೊಸೆ ನನ್ನ ಮುಖ ನೋಡಿದಳು. ದಾದರ್ ಬ್ರಿಜ್ಜಿನ ಜನಜಂಗುಳಿ ನನ್ನ ಕಣ್ಣ ಮುಂದೆ ಬಂತು. ಎತ್ತಿದ್ದು ಒಂದು ಏಳು. ಅದಕ್ಕೆ ಇಷ್ಟು ದೂರದ ಬಾಲ ಇದೆಯೆಂದು ಯಾರಿಗೆ ಗೊತ್ತಿತ್ತು!

"ಒಬ್ಬರೇ ಹೇಗೆ ಹೋಗ್ತೀರಿ ಸರ್?" ಎಂದೆ. "ಹೇಳುವವರೊಬ್ಬರು, ಎತ್ತುವವರೊಬ್ಬರು ಅಂತ ಕಾನೂನು ಮಾಡಿದ್ದು ಯಾರು? ನಾನಿಲ್ಲದೆ ಹೋದರೆ ನಿಮ್ಮ ಕಾನೂನು ನೀವೇ ಮುರಿದ ಹಾಗೆ."

ಅವರು ಯೋಚಿಸಿದರು. "ಅದೂ ಖರೇ," ಎಂದರು. ಸೊಸೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಈಗ ಪ್ರತಿ ಗುರುವಾರ ನನ್ನ ಪ್ರಯಾಣ ಹೀಗೆ. ಮಲಾಡಿನಿಂದ ಅಂಧೇರಿ ಹತ್ತಿರ. ನಾನು ಅಂಧೇರಿಯನ್ನು ಕಿಟಕಿಯಿಂದ ನೋಡುತ್ತಾ ದಾಟಿ, ದಾದರಿಗೆ ಹೋಗಿ, ಸರ್‌ರನ್ನು ಮನೆಯಿಂದ ಕರೆದುಕೊಂಡು, ಅದೇ ದಾರಿಯಲ್ಲಿ ಅಂಧೇರಿಗೆ ವಾಪಸ್ ಬರುತ್ತೇನೆ. ಸಂಜೆ ಮತ್ತೆ ದಾದರ್, ಮತ್ತೆ ಮಲಾಡ್. ನನ್ನ ಮಗಳು, "ಅಮ್ಮಾ, ಓಲಾ ಭೇಜ್ ದೋ ನಾ ಉನ್ಕೋ," ಎಂದು ಅವರಿಗೆ ಟ್ಯಾಕ್ಸಿ ಕಳಿಸಲು ಹೇಳುತ್ತಾಳೆ. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ, ನಾನೂ ವಿವರಿಸುವುದಿಲ್ಲ.

ಕಾಲೇಜಿನಲ್ಲಿ ವಿದ್ಯಾರ್ಥಿಗಳು ಸುತ್ತ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಾರೆ. ಸರ್ ಕಣ್ಣು ಮುಚ್ಚಿ ಹೇಳುತ್ತಾರೆ, ನಾನು ತಿರುಗಿ ಹೇಳಿ ಎತ್ತುತ್ತೇನೆ. ಕನ್ನಡದ ಅಂಕಿ ಅವರಿಗೆ ಅರ್ಥವಾಗುವುದಿಲ್ಲ, ಅದೊಂದು ಅನುಕೂಲ. ಶುರುವಿನಲ್ಲಿ ತಪ್ಪುತ್ತಿದ್ದದ್ದು ಆರನೆಯ ಸಾಲು ಮಾತ್ರ. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೂ ಕೆಲವು ಸೇರಿದವು. ಯಂತ್ರ ಪ್ರತಿ ವಾರವೂ ಎದ್ದಿದೆ, ಒಮ್ಮೆಯೂ ನಮ್ಮನ್ನು ನಾಚಿಸಿಲ್ಲ. ನಮಸ್ಕಾರ ಎಂದು ಬರೆದಾಗಲೆಲ್ಲ ಹುಡುಗರು ಸೀಟಿ ಹೊಡೆಯುತ್ತಾರೆ, "ಕ್ಯಾ ಮೆಮೊರಿ ಹೈ ಸರ್ ಕಾ!" ಎನ್ನುತ್ತಾರೆ, ಸರ್ ನಗುತ್ತಾರೆ.

ಕಳೆದ ಗುರುವಾರ ಅವರು ಮಧ್ಯದ ಒಂದು ಸಾಲು ತಪ್ಪಿ ಹೇಳಿದರು. ನಾನು ಅವರು ಹೇಳಿದಂತೆಯೇ ತಿರುಗಿ ಹೇಳಿ, ಬೇರೆಯದನ್ನು ಎತ್ತಿದೆ. ಮುಂದಿನದಕ್ಕೆ ಕಾದೆ. ಬರಲಿಲ್ಲ. ತಿರುಗಿ ನೋಡಿದರೆ ಸರ್ ಕಣ್ಣು ತೆರೆದಿದ್ದರು. ನೋಡುತ್ತಿದ್ದದ್ದು ಹುಡುಗರನ್ನಲ್ಲ, ನನ್ನ ಬೆರಳುಗಳನ್ನು. ಎಷ್ಟು ವಾರದಿಂದ ನೋಡುತ್ತಿದ್ದರೋ ಯಾರಿಗೆ ಗೊತ್ತು.

"ತಂಗಿ," ಎಂದರು, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ನೀ ಬರೋಬ್ಬರಿ ಇದ್ದದ್ದನ್ನೇ ಎತ್ಲಿಕತ್ತೀಯಲ್ಲ?"

"ಹೌದು ಸರ್."

"ಹಂಗಾದ್ರ ಆತು," ಎಂದರು. ಮತ್ತೆ ಕಣ್ಣು ಮುಚ್ಚಿ, ದನಿ ಎತ್ತಿ, ಮುಂದಿನ ಸಾಲು ಹೇಳಿದರು.